ಷರತ್ತು ಅನ್ವಯಿಸುತ್ತದೆ, ಆದರೆ ಯಾರಿಗೆ?

"ಕೆಲಸ ಆಯ್ತಂತೆ" ಅನ್ನೋದು ಒಂದು ಮಾತು. "ಕೆಲಸಕ್ಕೆ ಸೇರಿದ್ನಂತೆ" ಅನ್ನೋದು ಇನ್ನೊಂದು ಮಾತು. ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ ವೀಕ್ಷಕರೇ? ಕೆಲವರಿಗೆ ಒಂದು ವಾರ. ಕೆಲವರಿಗೆ ಎರಡು ವರ್ಷ. ನಮ್ಮ ರಾಜ್ಯದಲ್ಲೇ ಒಂದು ಇಡೀ ಬ್ಯಾಚಿಗೆ ಎಂಟು ವರ್ಷ ಹಿಡಿದಿದೆ.

ಆ ದೂರದಲ್ಲಿ ಇರೋದು ಒಂದು ಪತ್ರ. ಖಾಸಗಿ ಕಂಪನಿಯಾದರೆ ಆಫರ್ ಲೆಟರ್. ಸರ್ಕಾರವಾದರೆ ಆಯ್ಕೆ ಪಟ್ಟಿ. ಪತ್ರದ ಮೊದಲ ಸಾಲಿನಲ್ಲಿ ಅಭಿನಂದನೆ ಇರುತ್ತದೆ. ಎರಡನೇ ಪ್ಯಾರಾದಿಂದ ಷರತ್ತು ಶುರು. ಕೊನೆಯ ಸೆಮಿಸ್ಟರ್ ಪಾಸಾಗಿರಬೇಕು. ಶೇಕಡಾ 60 ಇರಬೇಕು. ಮೂಲ ಪ್ರಮಾಣಪತ್ರ ತರಬೇಕು. ಪೊಲೀಸ್ ಪರಿಶೀಲನೆ ಆಗಬೇಕು. ತರಬೇತಿಯಲ್ಲಿ ತೇರ್ಗಡೆ ಆಗಬೇಕು. ಇವತ್ತು ನಾನು ಕೇಳುವ ಪ್ರಶ್ನೆ ಒಂದೇ. ಈ ಷರತ್ತುಗಳೆಲ್ಲ ಅರ್ಜಿ ಹಾಕಿದವನ ಕೈಯನ್ನು ಕಟ್ಟುತ್ತವೆ, ಸರಿ. ಕೆಲಸ ಕೊಡುತ್ತೇನೆ ಅಂದವನ ಕೈಯನ್ನು ಏನು ಕಟ್ಟುತ್ತದೆ?

2025ರ ಫೆಬ್ರವರಿ ನೆನಪಿಸಿಕೊಳ್ಳಿ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ ಒಂದೇ ಸಲಕ್ಕೆ 300ಕ್ಕೂ ಹೆಚ್ಚು ಟ್ರೈನಿಗಳು ಹೊರಬಂದರು. ಅವರಲ್ಲಿ ಹಲವರು 2022ರಲ್ಲೇ ಆಫರ್ ಲೆಟರ್ ಪಡೆದವರು. ಎರಡು ವರ್ಷ ಕಾದು 2024ರ ಕೊನೆಯ ಭಾಗದಲ್ಲಿ ಸೇರಿದವರು. ಕೆಲವೇ ತಿಂಗಳಲ್ಲಿ ವಾಪಸ್. ಕಂಪನಿ ಹೇಳಿದ್ದು ಏನು? ಆಂತರಿಕ ಪರೀಕ್ಷೆ ಪಾಸಾಗಲು ಎಲ್ಲರಿಗೂ ಮೂರು ಅವಕಾಶ ಕೊಟ್ಟಿದ್ದೇವೆ, ಈ ಷರತ್ತು ಒಪ್ಪಂದದಲ್ಲೇ ಇದೆ, ಇದು ಹೊಸದೇನೂ ಅಲ್ಲ ಅಂತ. ಐಟಿ ನೌಕರರ ಸಂಘಟನೆ ನೈಟ್ಸ್ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಕೇಂದ್ರ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು. ರಾಜ್ಯದ ಕಾರ್ಮಿಕ ಅಧಿಕಾರಿಗಳು ಕ್ಯಾಂಪಸ್ಸಿಗೆ ಹೋಗಿ ಬಂದರು. ಇವರು ಇನ್ನೂ ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಹಾಗಾಗಿ ಕಾನೂನು ಉಲ್ಲಂಘನೆ ಕಾಣುವುದಿಲ್ಲ ಎಂಬ ಅರ್ಥದ ವರದಿ ಪತ್ರಿಕೆಗಳಲ್ಲಿ ಬಂತು.

ನೋಡಿ, ಪರೀಕ್ಷೆ ಇಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೋಡ್ ಬರೆಯೋಕೆ ಬರುತ್ತೋ ಇಲ್ಲವೋ ಅಂತ ನೋಡುವ ಹಕ್ಕು ಸಂಬಳ ಕೊಡುವವರಿಗೆ ಇದ್ದೇ ಇದೆ. ನನ್ನನ್ನು ಕಾಡಿದ್ದು ಆ ಎರಡು ವರ್ಷ. ಅದರ ಲೆಕ್ಕ ಯಾವ ಷರತ್ತಿನಲ್ಲಿತ್ತು?

ಇದೆಲ್ಲ ಐಟಿ ಬಂದ ಮೇಲೆ ಹುಟ್ಟಿದ ಸಮಸ್ಯೆ ಅಂದುಕೊಳ್ಳಬೇಡಿ. ಅರ್ಹತೆಯ ಜಗಳಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಹಳೆಯ ಇತಿಹಾಸ ಇದೆ. ಇಡೀ ದೇಶದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ಒಂದು ಪ್ರಕರಣ ಹುಟ್ಟಿದ್ದೇ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

1959ನೇ ಇಸವಿ. ಆಗ ಸೆಂಟ್ರಲ್ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಕೈಕೆಳಗಿತ್ತು. ಪ್ರೊಫೆಸರ್ ಮತ್ತು ರೀಡರ್ ಹುದ್ದೆಗಳಿಗೆ ವಿಶ್ವವಿದ್ಯಾಲಯ ಅರ್ಜಿ ಕರೆಯಿತು. ಅರ್ಹತೆ ಏನು? ಭಾರತದ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಪದವಿಯಲ್ಲಿ ಪ್ರಥಮ ದರ್ಜೆ ಅಥವಾ "ಮೇಲ್ಮಟ್ಟದ ದ್ವಿತೀಯ ದರ್ಜೆ", ಇಲ್ಲವೇ ವಿದೇಶಿ ವಿಶ್ವವಿದ್ಯಾಲಯದ ಸಮಾನ ಪದವಿ. ಜೊತೆಗೆ ಸಂಶೋಧನೆ, ಪಾಠ ಮಾಡಿದ ಅನುಭವ. ಕನ್ನಡ ಗೊತ್ತಿದ್ದರೆ ಒಳ್ಳೆಯದು ಅಂತಲೂ ಒಂದು ಸಾಲಿತ್ತು. ಇಂಗ್ಲಿಷ್ ವಿಭಾಗದ ರೀಡರ್ ಹುದ್ದೆಗೆ ಅಣ್ಣಯ್ಯ ಗೌಡರು ಆಯ್ಕೆಯಾದರು. ಸಿ. ಡಿ. ಗೋವಿಂದರಾವ್ ಎಂಬುವರು ಹೈಕೋರ್ಟಿಗೆ ಹೋದರು. ಇವರಿಗೆ ಅರ್ಹತೆಯೇ ಇಲ್ಲ, ಯಾವ ಅಧಿಕಾರದ ಮೇಲೆ ಆ ಕುರ್ಚಿಯಲ್ಲಿ ಕೂತಿದ್ದಾರೆ ಕೇಳಿ ಅಂತ.

ಜಗಳ ನಿಂತಿದ್ದು ಒಂದು ಅಂಕಿಯ ಮೇಲೆ. ಅಣ್ಣಯ್ಯ ಗೌಡರಿಗೆ ಎಂ.ಎ.ಯಲ್ಲಿ ಬಂದಿದ್ದು ಶೇಕಡಾ 50.2. ದ್ವಿತೀಯ ದರ್ಜೆ ಶುರುವಾಗುವುದೇ 50ರಿಂದ. ಹಾಗಾದರೆ 50.2 "ಮೇಲ್ಮಟ್ಟ" ಹೇಗಾಯಿತು? ಹೈಕೋರ್ಟ್ ಹಾಗೇ ಕೇಳಿತು. ಆಯ್ಕೆ ಮಂಡಳಿಯನ್ನು ಕಟುವಾಗಿ ಟೀಕಿಸಿ ನೇಮಕವನ್ನು ರದ್ದು ಮಾಡಿತು. ಆದರೆ ಅವರ ಕೈಯಲ್ಲಿ ಇನ್ನೊಂದು ಪದವಿಯೂ ಇತ್ತು, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎಂ.ಎ. ಅದು ಸಮಾನ ಪದವಿ ಹೌದೋ ಅಲ್ಲವೋ? ಅದನ್ನು ಹೇಳಬೇಕಾದವರು ಯಾರು? ಜಡ್ಜೋ, ಪ್ರೊಫೆಸರೋ?

1963ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಹೈಕೋರ್ಟ್ ಆದೇಶವನ್ನು ತಳ್ಳಿಹಾಕಿದರು. ಅವರು ಹೇಳಿದ ಸಾರಾಂಶ ಇಷ್ಟು: ವಿದ್ಯೆಗೆ ಸಂಬಂಧಿಸಿದ ವಿಷಯದಲ್ಲಿ ತಜ್ಞರ ಸಮಿತಿ ತೀರ್ಮಾನ ಮಾಡಿದ್ದರೆ, ದುರುದ್ದೇಶದ ಆರೋಪ ಇಲ್ಲದಿದ್ದರೆ, ನಿಯಮ ಮುರಿದಿಲ್ಲದಿದ್ದರೆ, ಕೋರ್ಟು ಕೈ ಹಾಕಲು ಹಿಂಜರಿಯಬೇಕು. ಅರುವತ್ತು ವರ್ಷ ದಾಟಿದರೂ ಈ ಮಾತು ಬದುಕಿದೆ. ನೇಮಕಾತಿಯ ಕೇಸುಗಳಲ್ಲಿ ವಕೀಲರು ಇವತ್ತಿಗೂ ಮೈಸೂರು ವಿಶ್ವವಿದ್ಯಾಲಯದ ಹೆಸರು ತೆಗೆಯುತ್ತಾರೆ.

ಒಳ್ಳೆಯ ತೀರ್ಪು. ಇಂಗ್ಲಿಷ್ ಪಾಠಕ್ಕೆ ಯಾರು ಯೋಗ್ಯರು ಅಂತ ಜಡ್ಜು ಹೇಳುವುದಕ್ಕಿಂತ ಇಂಗ್ಲಿಷ್ ಪ್ರೊಫೆಸರ್ ಹೇಳೋದೇ ವಾಸಿ. ಆದರೆ ಆ ತೀರ್ಪು ನಿಂತಿರುವುದು ಒಂದು ನಂಬಿಕೆಯ ಮೇಲೆ: ಆಯ್ಕೆ ಮಾಡುವವರು ಪ್ರಾಮಾಣಿಕರು ಅನ್ನೋ ನಂಬಿಕೆ. ಆ ಬುಡ ಅಲ್ಲಾಡಿದರೆ ಏನಾಗುತ್ತದೆ ಅನ್ನೋದನ್ನು ಮುಂದೆ ನಮ್ಮ ಕೆಪಿಎಸ್‌ಸಿ ತೋರಿಸಿಕೊಟ್ಟಿತು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ತಾರೀಕಿನ ಕಥೆ ಹೇಳಬೇಕು.

ಯಾರು ಅರ್ಹರು ಅನ್ನೋ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಯಾವತ್ತಿಗೆ ಅರ್ಹರಾಗಿರಬೇಕು? 1982ರಲ್ಲಿ ಜಮ್ಮು ಕಾಶ್ಮೀರದಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಕರೆದರು. ಕೊನೆಯ ದಿನಾಂಕ ಜುಲೈ 15. ಬಿ.ಇ. ಪಾಸಾಗಿರಬೇಕು. 33 ಹುಡುಗರು ಪರೀಕ್ಷೆ ಬರೆದಿದ್ದರು, ಫಲಿತಾಂಶ ಬಂದಿರಲಿಲ್ಲ. ಆದರೂ ಅರ್ಜಿ ಹಾಕಿದರು. ಫಲಿತಾಂಶ ಬಂದಿದ್ದು ಆಗಸ್ಟ್ 21ಕ್ಕೆ. ಸಂದರ್ಶನ ಶುರುವಾಗಿದ್ದು ಆಗಸ್ಟ್ 24ಕ್ಕೆ. ಸಂದರ್ಶನದ ಹೊತ್ತಿಗೆ ಎಲ್ಲರೂ ಎಂಜಿನಿಯರುಗಳೇ! ಅವರಿಗೆ ಅರ್ಹತೆ ಇತ್ತೋ ಇಲ್ಲವೋ? ಈ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಹುಮತದಿಂದ ಇತ್ತು ಅಂತ ಹೇಳಿತು. 1997ರಲ್ಲಿ ಮರುಪರಿಶೀಲನೆ ಮಾಡಿ ಇಲ್ಲ ಎಂದಿತು. ಅರ್ಜಿಯ ಕೊನೆಯ ದಿನಕ್ಕೆ ಅರ್ಹತೆ ಇರಲೇಬೇಕು. ಯಾಕೆ ಅಂದರೆ, ಫಲಿತಾಂಶ ಬಂದಿಲ್ಲ ಅಂತ ನಿಯಮಕ್ಕೆ ತಲೆಬಾಗಿ ಅರ್ಜಿಯನ್ನೇ ಹಾಕದೆ ಉಳಿದ ಇನ್ನೆಷ್ಟೋ ಹುಡುಗರಿಗೆ ಅನ್ಯಾಯ ಆಗುತ್ತದೆ.

ತರ್ಕ ಸರಿಯಾಗಿಯೇ ಇದೆ. ಆದರೆ ಇದರ ಬಿಸಿ ಗೊತ್ತಾಗುವುದು ವಿಟಿಯು ಹುಡುಗರಿಗೆ. ಕೊನೆಯ ಸೆಮಿಸ್ಟರ್ ಫಲಿತಾಂಶ ತಡ, ಮರುಮೌಲ್ಯಮಾಪನ ಇನ್ನೂ ತಡ, ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಮತ್ತಷ್ಟು ಓಡಾಟ. ಇತ್ತ ಅರ್ಜಿಯ ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಒಂದು ದಿನ ತಡವಾದರೂ ಬಾಗಿಲು ಬಂದ್.

ಅಂದರೆ ಅರ್ಜಿದಾರನಿಗೆ ತಾರೀಕು ಕಬ್ಬಿಣದ ಹಾಗೆ ಗಟ್ಟಿ. ಈಗ ಆಚೆ ಕಡೆಯನ್ನು ನೋಡೋಣ.

1991ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಶಂಕರ್ಸನ್ ದಾಶ್ ಪ್ರಕರಣದಲ್ಲಿ ಹೇಳಿತು: ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು. ಹಾಗಂತ ಸರ್ಕಾರ ಮನಸ್ಸಿಗೆ ಬಂದ ಹಾಗೆ ನಡೆದುಕೊಳ್ಳುವಂತಿಲ್ಲ, ನೇಮಕ ಮಾಡದಿದ್ದರೆ ಅದಕ್ಕೆ ಸರಿಯಾದ ಕಾರಣ ಇರಬೇಕು. ಮೊದಲ ಮಾತು ಎಲ್ಲ ಇಲಾಖೆಗಳಿಗೂ ಬಾಯಿಪಾಠ. ಎರಡನೆಯದು ಅಷ್ಟಾಗಿ ನೆನಪಿರುವುದಿಲ್ಲ.

ಈಗ ಕೆಪಿಎಸ್‌ಸಿ. 2011ರಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅಧಿಸೂಚನೆ ಹೊರಟಿತು. ತಹಸೀಲ್ದಾರ್, ಡಿವೈಎಸ್‌ಪಿ, ಅಸಿಸ್ಟೆಂಟ್ ಕಮಿಷನರ್, ಇಂಥ ಹುದ್ದೆಗಳು. ಸಂದರ್ಶನದಲ್ಲಿ ಅಕ್ರಮ ನಡೆದಿದೆ ಅಂತ 2013ರಲ್ಲಿ ದೂರು ಬಂತು, ಸಿಐಡಿ ತನಿಖೆ ಆಯಿತು. 2014ರಲ್ಲಿ ಆಯ್ಕೆ ಪಟ್ಟಿಯೂ ಹೊರಬಂತು, ಅದೇ ವರ್ಷ ಸರ್ಕಾರ ಇಡೀ ಪ್ರಕ್ರಿಯೆಯನ್ನೇ ಕೈಬಿಟ್ಟಿತು. 2016ರಲ್ಲಿ ಕೆಎಟಿ, ಅಂದರೆ ರಾಜ್ಯ ಆಡಳಿತ ನ್ಯಾಯಮಂಡಳಿ, ಆಯ್ಕೆಯಾದವರ ಪರ ನಿಂತಿತು. 2018ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ ಸರ್ಕಾರದ ನಿರ್ಧಾರವೇ ಸರಿ ಎಂದಿತು. ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಲಿಲ್ಲ. ಮುಗಿಯಿತು ಅಂದುಕೊಂಡಿರಾ? 2022ರಲ್ಲಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಮಾಡಿ ಅದೇ ಬ್ಯಾಚಿನ ಆಯ್ಕೆಯನ್ನು ಸಿಂಧುಗೊಳಿಸಿತು!

ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಕಥೆಯನ್ನು ಚಾನೆಲ್ಲುಗಳಲ್ಲಿ ನಾವು ಯಾವಾಗಲೂ ಎರಡು ಬಣದ ಜಗಳದ ಹಾಗೆ ತೋರಿಸಿದೆವು. ಪಟ್ಟಿಯಲ್ಲಿದ್ದವರು ಒಂದು ಕಡೆ, ಪಟ್ಟಿಯಿಂದ ಹೊರಗುಳಿದವರು ಇನ್ನೊಂದು ಕಡೆ. ಆದರೆ ಪ್ರಾಮಾಣಿಕವಾಗಿ ಓದಿ ಪಟ್ಟಿಗೆ ಬಂದವನಿಗೂ ನಷ್ಟ, ಅಕ್ರಮದಿಂದಾಗಿ ಪಟ್ಟಿ ತಪ್ಪಿಸಿಕೊಂಡವನಿಗೂ ನಷ್ಟ. 2011ರಲ್ಲಿ ಅರ್ಜಿ ಹಾಕುವಾಗ ಇಪ್ಪತ್ತಾರು ವರ್ಷದವನಿಗೆ 2022ರಲ್ಲಿ ಮೂವತ್ತೇಳು. ಹೊರಗುಳಿದವನಿಗಂತೂ ವಯೋಮಿತಿಯೇ ದಾಟಿಹೋಗಿರುತ್ತದೆ. ಅರ್ಜಿಗೆ ಒಂದು ದಿನ ತಡ ಮಾಡಿದರೆ ತಿರಸ್ಕಾರ. ಉತ್ತರಕ್ಕೆ ಹನ್ನೊಂದು ವರ್ಷ ತಡ ಮಾಡಿದವರಿಗೆ?

ಇದು ಒಂಟಿ ಪ್ರಕರಣವೂ ಅಲ್ಲ. 1998, 1999 ಮತ್ತು 2004ರ ಬ್ಯಾಚುಗಳ ಆಯ್ಕೆಯೂ ಕೋರ್ಟು ಹತ್ತಿತ್ತು. 2016ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟ ಮೇಲೆ 1998ರ ಪಟ್ಟಿ ಪರಿಷ್ಕರಣೆ ಆಗುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಅಷ್ಟರಲ್ಲಿ ಕೆಲವರು ಬಡ್ತಿ ಮೇಲೆ ಬಡ್ತಿ ಪಡೆದಾಗಿತ್ತು. 2021ರ 545 ಪಿಎಸ್ಐ ಹುದ್ದೆಗಳ ಕಥೆ ನಿಮಗೆಲ್ಲ ಗೊತ್ತೇ ಇದೆ. ಪರೀಕ್ಷೆ, ಆಯ್ಕೆ, ಹಗರಣ, ರದ್ದು, ಮರುಪರೀಕ್ಷೆ.

ಸರ್ಕಾರದ ಕೆಲಸದಲ್ಲಿ ಕೊನೇ ಪಕ್ಷ ತಟ್ಟಲು ಒಂದು ಬಾಗಿಲಿದೆ. ಸಂವಿಧಾನದ 16ನೇ ವಿಧಿ ಸಮಾನ ಅವಕಾಶ ಕೊಟ್ಟಿದೆ. 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೇಮಕಾತಿ ಶುರುವಾದ ಮೇಲೆ, ನಿಯಮದಲ್ಲೇ ಅವಕಾಶ ಇಲ್ಲದಿದ್ದರೆ, ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ. ಆಟ ಶುರುವಾದ ಮೇಲೆ ಆಟದ ನಿಯಮ ತಿದ್ದಬೇಡಿ ಅಂತ.

ಆದರೆ ಆ ರಕ್ಷಣೆ ಸರ್ಕಾರಿ ನೇಮಕಾತಿಗೆ. ಖಾಸಗಿ ಕಂಪನಿಯ ಆಫರ್ ಲೆಟರ್ ಹಿಡಿದವನಿಗೆ ಇರುವುದು ಒಪ್ಪಂದದ ಕಾನೂನು ಮಾತ್ರ. ಅದು 1872ರದು. ಆ ಕಾಯ್ದೆಯ 31ನೇ ಕಲಂನಲ್ಲಿ ಷರತ್ತಿನ ಒಪ್ಪಂದ ಅಂದರೇನು ಅಂತ ಬರೆದಿದ್ದಾರೆ. ಇಂಥದ್ದು ನಡೆದರೆ ಇಂಥದ್ದು ಕೊಡುತ್ತೇನೆ ಅನ್ನೋದು. 32ನೇ ಕಲಂ ಪ್ರಕಾರ ಆ "ನಡೆದರೆ" ಅನ್ನೋದು ನಡೆಯುವ ತನಕ ಒಪ್ಪಂದವನ್ನು ಜಾರಿ ಮಾಡಿಸಲು ಆಗುವುದಿಲ್ಲ. ಹಾಗಾದರೆ ಷರತ್ತು ಪೂರೈಸಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವವರು ಯಾರು? 1990ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಬಂತು. ವಿಶಾರ್ಟ್ ಎಂಬುವರಿಗೆ ಒಂದು ಸಂಸ್ಥೆ ಕೆಲಸ ಕೊಟ್ಟಿತು. ಷರತ್ತು: ಹಳೆಯ ಮಾಲೀಕರಿಂದ ತೃಪ್ತಿಕರ ಅಭಿಪ್ರಾಯ ಪತ್ರ ಬರಬೇಕು. ಪತ್ರದಲ್ಲಿ ಅನಾರೋಗ್ಯದ ರಜೆಯ ವಿಚಾರ ಬಂತು, ಆಫರ್ ವಾಪಸ್ ಹೋಯಿತು. ಯಾರಿಗೆ ತೃಪ್ತಿ ಆಗಬೇಕು ಅಂತ ಕೇಳಿದ್ದಕ್ಕೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಕೆಲಸ ಕೊಡುವವನಿಗೇ ಆಗಬೇಕು ಎಂಬ ಕಡೆಗೆ ವಾಲಿತು.

ಈ ಕಾಯುವಿಕೆ ನನಗೆ ಕೇಳಿ ಗೊತ್ತಿರುವ ವಿಷಯವಲ್ಲ. ನಾನು 2009ರಲ್ಲಿ ಎಂಜಿನಿಯರಿಂಗ್ ಮುಗಿಸಿದವನು. ಅಮೆರಿಕದಲ್ಲಿ ಬ್ಯಾಂಕು ಮುಳುಗಿತ್ತು, ಇಲ್ಲಿ ನಮ್ಮ ಸೇರ್ಪಡೆ ಮುಂದಕ್ಕೆ ಹೋಯಿತು. ಕಂಪನಿಯ ಹೆಸರು ಬೇಡ, ಆ ವರ್ಷ ಹಾಗೆ ಮಾಡಿದ ಕಂಪನಿ ಒಂದೆರಡಲ್ಲ. ನನ್ನ ಪತ್ರದಲ್ಲಿ ನಾನು ಮಾಡಬೇಕಾದ ಪ್ರತಿಯೊಂದಕ್ಕೂ ದಿನಾಂಕ ಇತ್ತು. ಅವರು ಮಾಡಬೇಕಾದ ಒಂದೇ ಒಂದು ಕೆಲಸಕ್ಕೆ, "ಸೇರ್ಪಡೆಯ ದಿನಾಂಕವನ್ನು ನಂತರ ತಿಳಿಸಲಾಗುವುದು" ಅಂತಿತ್ತು. ಚನ್ನರಾಯಪಟ್ಟಣ ತಾಲೂಕಿನ ನಮ್ಮ ದಂಡಿಗನಹಳ್ಳಿ ಹೋಬಳಿಯಲ್ಲಿ ಆ "ನಂತರ" ಅನ್ನೋ ಪದವನ್ನು ಯಾರಿಗೆ ವಿವರಿಸುತ್ತೀರಿ? ದೊಡ್ಡಪ್ಪ ತೆಂಗಿನಕಾಯಿ ಮಾರಿ ಫೀಸಿಗೆ ದುಡ್ಡು ಕೊಟ್ಟವರು. ಪ್ರತಿ ಭಾನುವಾರ ಕೇಳೋರು, "ಏನ್ ಮಗ, ಕೆಲಸ ಆಯ್ತು ಅಂದಿದ್ದೆಯಲ್ಲ, ಇನ್ನೂ ಇಲ್ಲೇ ಇದ್ದೀಯಲ್ಲ?" ಅಪ್ಪ ಸೊಸೈಟಿ ಸಾಲದ ಕಂತು ಲೆಕ್ಕ ಹಾಕೋರು. ಹೊಳೆನರಸೀಪುರದ ಕಡೆಯ ನನ್ನ ರೂಮ್‌ಮೇಟ್‌ಗೆ ಬೇರೆ ಕಡೆಯಿಂದ ಕಡಿಮೆ ಸಂಬಳದ ಕೆಲಸ ಬಂದಿತ್ತು. ಕೈಯಲ್ಲಿ ಆಫರ್ ಇದೆಯಲ್ಲ ಅಂತ ಬಿಟ್ಟುಬಿಟ್ಟ. ಕಾದ ತಿಂಗಳಿಗೆ ಸಂಬಳ ಇಲ್ಲ, ಬಿಟ್ಟ ಕೆಲಸಕ್ಕೆ ಪರಿಹಾರ ಇಲ್ಲ. ಸಾಲಕ್ಕೆ ಮಾತ್ರ ಬಡ್ಡಿ ಇತ್ತು.

ಹಾಗಾದರೆ ಕಾನೂನು ಪೂರ್ತಿ ಕೈಬಿಟ್ಟಿದೆಯಾ? ಇಲ್ಲ. ಅದೇ 1872ರ ಕಾಯ್ದೆಯ 46ನೇ ಕಲಂ ಓದಿ. ಒಪ್ಪಂದದಲ್ಲಿ ಸಮಯ ಹೇಳದೇ ಇದ್ದರೆ, ಮಾತು ಕೊಟ್ಟವನು ಅದನ್ನು ಸಮಂಜಸವಾದ ಸಮಯದೊಳಗೆ ನಡೆಸಿಕೊಡಬೇಕು ಅಂತ ಇದೆ. ನೂರೈವತ್ತು ವರ್ಷದ ಹಿಂದೆಯೇ ಬರೆದಿಟ್ಟ ಮಾತು! ತೊಂದರೆ ಇರುವುದು ಅದನ್ನು ಕೇಳಿ ಪಡೆಯುವುದರಲ್ಲಿ. ಇಂಥವರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ ಅಂತ ಖಾಸಗಿ ಕಂಪನಿಗೆ ಕೋರ್ಟು ಸಾಮಾನ್ಯವಾಗಿ ಆದೇಶ ಮಾಡುವುದಿಲ್ಲ. ಹೆಚ್ಚೆಂದರೆ ನಷ್ಟ ಪರಿಹಾರ. ಸಂಬಳವನ್ನೇ ಕಾಣದ ಇಪ್ಪತ್ತೆರಡು ವರ್ಷದ ಹುಡುಗಿ ವಕೀಲರಿಗೆ ಫೀಸು ಕೊಟ್ಟು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತಾಳಾ? ಹಾಗೆ ನಿಂತಳು ಅಂತ ಗೊತ್ತಾದರೆ ಇನ್ನೊಂದು ಕಂಪನಿ ಕರೆಯುತ್ತದಾ? ಕಾರ್ಮಿಕ ಇಲಾಖೆಗೆ ಹೋದರೆ ನೀವಿನ್ನೂ ನೌಕರರೇ ಆಗಿಲ್ಲವಲ್ಲ ಅನ್ನುವ ಉತ್ತರ ಕಾದಿರುತ್ತದೆ.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ಎರಡು ವರ್ಷ ಮುಂಚೆ ಲೆಕ್ಕ ಹಾಕಿದ ಪ್ರಾಜೆಕ್ಟ್ ಬರದೇ ಹೋಗಬಹುದು. ನಕಲಿ ಅಂಕಪಟ್ಟಿ, ನಕಲಿ ಅನುಭವ ಪತ್ರ ಹಿಡಿದು ಬರುವವರೂ ಇದ್ದಾರೆ. ಹಾಗಾಗಿ ಪರಿಶೀಲನೆ ಬೇಕೇ ಬೇಕು. ಮಾಹಿತಿ ಮುಚ್ಚಿಟ್ಟವರ ವಿಚಾರದಲ್ಲಿ 2016ರ ಅವತಾರ್ ಸಿಂಗ್ ತೀರ್ಪು ಹೇಳಿದ್ದು ಅದನ್ನೇ. ಮಾಲೀಕ ಪರಿಶೀಲಿಸಲಿ, ಆದರೆ ಸಂದರ್ಭ ನೋಡಿ, ವಿವೇಚನೆಯಿಂದ ತೀರ್ಮಾನ ಮಾಡಲಿ. ಆ ವಿವೇಚನೆಯ ನಿರೀಕ್ಷೆ ಕ್ಯಾಲೆಂಡರಿಗೂ ಅನ್ವಯ ಆಗಬಾರದೇಕೆ?

ನಾನು ಕೇಳುವುದು ದೊಡ್ಡ ಕ್ರಾಂತಿಯನ್ನೇನಲ್ಲ. ಆಫರ್ ಲೆಟರ್‌ನಲ್ಲಿ ಸೇರ್ಪಡೆಯ ಕೊನೆಯ ದಿನಾಂಕ ಇರಲಿ. ಅದು ದಾಟಿದರೆ ಕಾಯುವ ಪ್ರತಿ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಇರಲಿ. ತರಬೇತಿಯ ಪರೀಕ್ಷೆ ಯಾವುದು, ಎಷ್ಟು ಅಂಕ, ಎಷ್ಟು ಸಲ ಅವಕಾಶ ಅನ್ನೋದು ಸೇರುವ ಮುಂಚೆಯೇ ಕೈಯಲ್ಲಿರಲಿ. ಸರ್ಕಾರದ ನೇಮಕಾತಿಯಲ್ಲಿ ಅಧಿಸೂಚನೆಯಿಂದ ನೇಮಕದ ತನಕ ಒಂದು ಗಡುವು ಇರಲಿ, ತಪ್ಪಿದರೆ ಅರ್ಜಿದಾರರ ವಯೋಮಿತಿ ಅಷ್ಟೇ ವರ್ಷ ತಾನಾಗಿ ಸಡಿಲವಾಗಲಿ.

ಮತ್ತೆ ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮನೆಗೆ ಆಫರ್ ಲೆಟರ್ ಬಂದರೆ ಸಿಹಿ ಹಂಚಿ, ಬೇಡ ಅನ್ನಲ್ಲ. ಆದರೆ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿಸಿ. "ಅವರು ಯಾವತ್ತಿಗೆ ಕರೆಯುತ್ತಾರೆ ಅಂತ ಬರೆದಿದ್ದಾರಾ?" ಅಂತ ಕೇಳಿ. ಬರೆದಿಲ್ಲದಿದ್ದರೆ ಇನ್ನೊಂದು ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ಕ್ಯಾಂಪಸ್ ಸೆಲೆಕ್ಷನ್ ಆಯ್ತು ಅಂತ ಕಾಲೇಜುಗಳು ಗೇಟಿನ ಮುಂದೆ ಫ್ಲೆಕ್ಸ್ ಹಾಕುತ್ತವಲ್ಲ, ಆ ಫ್ಲೆಕ್ಸಿನಲ್ಲಿ ಎಷ್ಟು ಜನಕ್ಕೆ ಆಫರ್ ಬಂತು ಅನ್ನೋದರ ಜೊತೆ ಹಿಂದಿನ ವರ್ಷದವರಲ್ಲಿ ಎಷ್ಟು ಜನ ಸೇರಿದರು ಅಂತಲೂ ಹಾಕಲಿ. ಆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸದಲ್ಲಿ ನಮ್ಮ ಮಕ್ಕಳು ಕಾಯುತ್ತಾ ಕೂತಿದ್ದಾರೆ.